ಒಳಸಾಗಣೆ

ತಿರುವು ಬಂತು. ಮುದುಕ ಬಾಯಲ್ಲೇ ಪೋಂ ಪೋಂ ಅಂತ ಹಾರ್ನ್ ಹೊಡೆದು ಸ್ಟ್ರೆಚರ್ ಗಾಡಿಯನ್ನು ಎಡಕ್ಕೆ ಎಳೆದ. ಗಾಡಿಯ ಮೇಲೆ ಮುದುಕಿ ಎರಡೂ ಕಡೆಯ ಕಂಬಿ ಬಿಗಿಯಾಗಿ ಹಿಡಿದು ನೆಟ್ಟಗೆ ಕೂತಿದ್ದಳು. ಎದುರು ಬರುತ್ತಿದ್ದವರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಪಾಪ, ಈ ವಯಸ್ಸಿನಲ್ಲಿ ಏನು ಬಂತೋ ಅಂತ ಯಾರೋ ಒಬ್ಬಳು ಲೊಚಗುಟ್ಟಿದಳು. ಮುದುಕಿಗೆ ಸಿಟ್ಟು ಬಂತು. ಬಂದಿದ್ದು ಅವಳಿಗಲ್ಲ. ಹೊಟ್ಟೆ ಕೊಯ್ಯಿಸಿಕೊಳ್ಳಬೇಕಾಗಿದ್ದವನು ಗಾಡಿ ತಳ್ಳುತ್ತಿದ್ದ.

“ನಿಧಾನ ಕಣ್ರೀ,” ಅಂದಳು. “ಹೊಟ್ಟೆ ಹಿಡ್ಕೊಳ್ಳಿ.”

“ಹೊಟ್ಟೆ ಹಿಡ್ಕೊಂಡ್ರೆ ಗಾಡಿ ಯಾರು ಹಿಡೀತಾರೆ?”

ಅದೂ ನಿಜವೇ. ಗಾಡಿ ಹಿಡಿಯುವವರು ಯಾರೂ ಬಂದಿರಲಿಲ್ಲ. ಬೆಳಿಗ್ಗೆಯಿಂದ ಗಾಡಿ ಹಾಸಿಗೆಯ ಪಕ್ಕದಲ್ಲೇ ನಿಂತಿತ್ತು. ಅದನ್ನು ತಳ್ಳುವ ಕೆಲಸ ಆಸ್ಪತ್ರೆಯದಲ್ಲ, ಗುತ್ತಿಗೆ ಹಿಡಿದ ಕಂಪನಿಯದು. ಸಿಸ್ಟರ್ ಕಂಪನಿಗೆ ಮತ್ತೆ ಮತ್ತೆ ಫೋನ್ ಮಾಡಿದಳು. ಕಳಿಸ್ತೀವಿ ಅಂದರು, ಹೊರಟಿದ್ದಾರೆ ಅಂದರು, ಆಮೇಲೆ ಫೋನೇ ಎತ್ತಲಿಲ್ಲ. ಆಪರೇಷನ್ ಥಿಯೇಟರಿನವರು ಮಾತ್ರ ಖಡಾಖಂಡಿತ ಹೇಳಿಬಿಟ್ಟರು: ರೋಗಿ ಬರದಿದ್ದರೆ ಸರದಿ ಮುಂದಿನವರಿಗೆ. ಮುದುಕ ಹಾಸಿಗೆಯ ಮೇಲೆ ಕೂತು ಆ ಗಾಡಿಯನ್ನೇ ನೋಡುತ್ತಿದ್ದ. ಇದೇ ಆಸ್ಪತ್ರೆಯಲ್ಲಿ, ಇದೇ ಕಾರಿಡಾರುಗಳಲ್ಲಿ, ಅವನು ದಿನಗೂಲಿಯ ಮೇಲೆ ಹರೆಯದಿಂದ ಮುಪ್ಪಿನವರೆಗೆ ಗಾಡಿ ತಳ್ಳಿದವನು. ಗಾಡಿಗೆ ಗಂಟೆ ಇಲ್ಲ ಅಂತ ಬಾಯನ್ನೇ ಹಾರ್ನ್ ಮಾಡಿಕೊಂಡವನು. ಹಾಗಾಗಿ ಆಸ್ಪತ್ರೆಯ ಹಳಬರ ಬಾಯಲ್ಲಿ ಅವನ ಹೆಸರು ಪೋಂಪೋಂ.

ಅವನು ಎದ್ದ. ಆಸ್ಪತ್ರೆಯ ನಿಲುವಂಗಿಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡ. ಗಾಲಿಯನ್ನು ಕಾಲಿನಿಂದ ಒದ್ದು ನೋಡಿದ. ಮುದುಕಿಗೆ ಹತ್ತು ಅಂದ. ಕಾರಿಡಾರನ್ನು ಆಗಷ್ಟೇ ಒರೆಸಿದ್ದರು, ಅವಳಿಗೋ ಕಣ್ಣಲ್ಲಿ ಪೊರೆ. ನಡೆದರೆ ಜಾರಿ ಬೀಳುತ್ತಾಳೆ, ಇಲ್ಲೇ ಬಿಟ್ಟರೆ ದಾರಿ ತಪ್ಪುತ್ತಾಳೆ, ಖಾಲಿ ಗಾಡಿ ತಳ್ಳಿಕೊಂಡು ಹೋದರೆ ಜನ ಏನಂದುಕೊಳ್ಳುತ್ತಾರೆ ಅನ್ನುವುದು ಅವನ ಲೆಕ್ಕಾಚಾರ. ಮುದುಕಿ ಹತ್ತಿದಳು. ಮದುವೆಯಾದಾಗಿನಿಂದ ಅವನು ಅವಳನ್ನು ಯಾವ ಗಾಡಿಯ ಮೇಲೂ ಕೂರಿಸಿದ್ದಿಲ್ಲ.

ಥಿಯೇಟರಿನ ಬಾಗಿಲು ತೆರೆಯಿತು. ಒಳಗಿನಿಂದ ಹಸಿರು ಬಟ್ಟೆಯ ಕೈಗಳು ಬಂದು ಗಾಡಿಯನ್ನು ಸರಕ್ಕನೆ ಒಳಗೆ ಎಳೆದುಕೊಂಡವು. ಬಾಗಿಲು ಮುಚ್ಚಿತು.

ಮುದುಕಿಗೆ ಎಲ್ಲವೂ ಹಾಲಿನಲ್ಲಿ ಅದ್ದಿದ ಬಟ್ಟೆಯ ಹಿಂದೆ ನಡೆದ ಹಾಗೆ ಕಾಣುತ್ತಿತ್ತು. ಹಸಿರು ಗುಪ್ಪೆಗಳು ಸುತ್ತ ನಿಂತವು. ಒಂದು ಗುಪ್ಪೆ, ಅಜ್ಜಿ ಬೆಳಿಗ್ಗೆ ಏನೂ ತಿಂದಿಲ್ಲ ತಾನೇ ಅಂತ ಕೇಳಿತು. ಯಾರು ಕೊಟ್ಟಿದ್ದರು ತಿನ್ನೋದಕ್ಕೆ ಅಂತ ಇವಳು ಕೇಳಿದಳು. ಇನ್ನೊಂದು ಗುಪ್ಪೆ ಅವಳನ್ನು ಮೆಲ್ಲಗೆ ಮಲಗಿಸಿತು. ಎಷ್ಟು ಒಳ್ಳೆಯವರು, ನನ್ನ ಕಣ್ಣನ್ನೂ ಈಗಲೇ ಮಾಡಿ ಮುಗಿಸುತ್ತಾರೆ ಅಂದುಕೊಂಡು ಅವಳು ಸುಮ್ಮನೆ ಮಲಗಿದಳು. ಒದ್ದೆ ಹತ್ತಿ ಹೊಟ್ಟೆಗೆ ತಾಗಿತು.

“ಕಣ್ಣು ಮೇಲಿದೆ ಕಣಪ್ಪ,” ಅಂದಳು.

ಹತ್ತಿ ಹಿಡಿದ ಕೈ ನಿಂತಿತು. ಆಮೇಲೆ ಕಾಗದ ತಿರುವಿದರು, ರೋಗಿ ಗಂಡಸು ಅಂತ ಗೊತ್ತಾಯಿತು, ಗಂಡಸು ಎಲ್ಲಿ ಅಂತ ಹುಡುಕಾಡಿದರು. ಅವನು ಬಾಗಿಲ ಹೊರಗೇ ಇದ್ದ. ಗೋಡೆಗೆ ಒರಗಿ, ಕೈಕಟ್ಟಿ ನಿಂತಿದ್ದ. ರೋಗಿಯನ್ನು ಒಳಗೆ ತಲುಪಿಸಿದ ಮೇಲೆ ಹೊರಗೆ ನಿಲ್ಲಬೇಕು, ಗಾಡಿ ಖಾಲಿಯಾಗಿ ಬರುವವರೆಗೂ ಕದಲಬಾರದು. ಅಷ್ಟು ವರ್ಷ ಹಾಗೆಯೇ ನಿಂತ ಕಾಲು. ತಾನೇ ರೋಗಿ ಅನ್ನುವುದು ಅವನ ತಲೆಯಿಂದ ಪೂರ್ತಿ ಹೋಗಿಬಿಟ್ಟಿತ್ತು. ಡಾಕ್ಟರ್ ಬಾಗಿಲಿಂದ ತಲೆ ಹಾಕಿದಾಗ ಅವನು, ಸಾರ್, ಗಾಡಿ ಬೇಗ ಖಾಲಿ ಮಾಡಿಕೊಡಿ, ಬೇರೆ ಪೇಷೆಂಟ್ ಕಾಯ್ತಿರ್ತಾರೆ ಅಂದ.

ಆಪರೇಷನ್ ಚೆನ್ನಾಗಿಯೇ ಆಯಿತು. ವಾಪಸ್ ಕರೆತರಲು ಕಂಪನಿಯವನೊಬ್ಬ ಬಂದ ಕೂಡ. ಹಳೆ ಕಟ್ಟಡಕ್ಕೂ ಹೊಸ ಕಟ್ಟಡಕ್ಕೂ ನಡುವೆ ಒಂದು ಉದ್ದನೆಯ ಇಳಿಜಾರಿದೆ. ಅದರ ಅರ್ಧಕ್ಕೆ ಬರುವಾಗ ಅವನ ಪಾಳಿ ಮುಗಿಯಿತು. ಬ್ರೇಕ್ ಹಾಕಿ ಹೊರಟುಹೋದ. ಮುದುಕನಿಗೆ ಮಂಪರು ಇಳಿದಾಗ ತಲೆ ಕೆಳಗೆ, ಕಾಲು ಮೇಲೆ, ಸುತ್ತ ಯಾರೂ ಇಲ್ಲ. ತೊದಲುತ್ತಾ ಪೋಂ ಅಂದ. ಮತ್ತೆ ಪೋಂ ಅಂದ. ಆ ಸದ್ದು ಹಿಡಿದು ಮುದುಕಿ ಗೋಡೆ ತಡವುತ್ತಾ ಬಂದಳು. ಅವಳು ಮುಂದಿನಿಂದ ಎಳೆದು, ಓಡಿಬಂದ ಸಿಸ್ಟರ್ ಹಿಂದಿನಿಂದ ತಳ್ಳಿ, ಹೇಗೋ ಹಾಸಿಗೆ ಮುಟ್ಟಿಸಿದರು.

ಇದೇ ಇಳಿಜಾರು ಅವನ ಹೊಟ್ಟೆ ಒಡೆದದ್ದು. ಲಿಫ್ಟ್ ಇತ್ತು, ಅದಕ್ಕೆ ಯಾವಾಗಲೂ ಬೀಗ ಇತ್ತು. ಬಸುರಿಯರನ್ನು, ಕಾಲು ಮುರಿದವರನ್ನು, ಊದಿಕೊಂಡವರನ್ನು, ಸತ್ತವರನ್ನು ಅವನು ಎದೆ ಕೊಟ್ಟು ಆ ಏರಿನಲ್ಲಿ ತಳ್ಳಿದ. ಸತ್ತವರೇ ಹೆಚ್ಚು ಭಾರ ಅನ್ನುತ್ತಿದ್ದ, ಬದುಕಿರುವವರು ಭಯಕ್ಕೆ ಉಸಿರು ಬಿಗಿ ಹಿಡಿದು ಹಗುರಾಗುತ್ತಾರಂತೆ. ಒಂದು ದಿನ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಬಂತು. ಆಮೇಲೆ ಅದು ಬೆಳೆಯಿತು. ಸಂಜೆ ಮನೆಗೆ ಬಂದು ಚಾಪೆಯ ಮೇಲೆ ಮಲಗಿದರೆ ಮುದುಕಿ ಅಂಗೈ ಒತ್ತಿ ಆ ಕರುಳನ್ನು ಒಳಗೆ ಕಳಿಸುತ್ತಿದ್ದಳು. ಬೆಳಿಗ್ಗೆ ಅವನು ಹೋಗಿ ಮತ್ತೆ ಹೊರಗೆ ತರುತ್ತಿದ್ದ. ಕಂಪನಿ ಬಂದ ವರ್ಷ ಅವನನ್ನು, ಅವನಂಥ ಹಳಬರನ್ನೆಲ್ಲ, ನಾಳೆಯಿಂದ ಬರಬೇಡಿ ಅಂದರು. ಖಾಯಂ ನೌಕರ ಅಲ್ಲವಲ್ಲ, ಪಿಂಚಣಿಯ ಮಾತೇ ಇಲ್ಲ. ಗಂಟು ಮಾತ್ರ ಖಾಯಂ ಆಯಿತು.

ಹೊಟ್ಟೆ ಹೊಲಿದ ಡಾಕ್ಟರ್ ಕೈಮುಗಿದು ಹೇಳಿದ್ದ: ತಾತ, ಭಾರ ಎತ್ತಬೇಡಿ, ಎಳೆಯಬೇಡಿ, ತಳ್ಳಬೇಡಿ. ನೀರಿನ ಬಿಂದಿಗೆ ಕೂಡ ಮುಟ್ಟಬೇಡಿ. ಈ ಹೊಲಿಗೆ ಬಿಟ್ಟರೆ ಹಿಡಿದು ಹೊಲಿಯುವುದಕ್ಕೆ ಅಲ್ಲಿ ಮಾಂಸವೇ ಇಲ್ಲ.

ಹೊಲಿಗೆ ಅಂದರೆ ಏನು ಅಂತ ಮುದುಕಿಗೆ ಹೇಳಿಕೊಡಬೇಕಿರಲಿಲ್ಲ. ಅವಳ ಕಸುಬೇ ಅದು. ದರ್ಜಿಯ ಅಂಗಡಿಯಿಂದ ಬಂದ ಅಂಗಿಗಳಿಗೆ ಗುಂಡಿ, ಕೊಕ್ಕೆ ಹಾಕಿಕೊಡುತ್ತಿದ್ದಳು. ಬೀದಿಯ ಮಕ್ಕಳಿಗೆ ಅವಳು ಗುಂಡಿಯಮ್ಮ. ಪೊರೆ ಬಂದ ಮೇಲೆ ಕೈಯ ಅಂದಾಜಿನ ಮೇಲೆ ಒಂದಷ್ಟು ಕಾಲ ನಡೆಸಿದಳು. ಒಂದು ದಿನ ಯಾರದೋ ಪ್ಯಾಂಟಿಗೆ ಕೊಕ್ಕೆ ಹಾಕಿ ಎದ್ದು ನಿಂತರೆ ಪ್ಯಾಂಟೂ ಜೊತೆಗೆ ಎದ್ದು ನಿಂತಿತು. ಅವಳ ಬಟ್ಟೆಗೆ ಸೇರಿಸಿ ಹೊಲಿದಿದ್ದಳು. ದರ್ಜಿ ನಕ್ಕ. ಆಮೇಲೆ ಕೆಲಸ ಕಳಿಸಲಿಲ್ಲ.

ಎಪ್ಪತ್ತು ದಾಟಿದವರಿಗೆ ಸರ್ಕಾರ ಕೊಟ್ಟ ಆರೋಗ್ಯ ಕಾರ್ಡು ಅವರ ಹತ್ತಿರ ಇತ್ತು. ಮನೆಗೆ ಒಂದೇ ಕಾರ್ಡು. ಗಂಡ ಹೆಂಡಿರನ್ನು ಒತ್ತಿ ಕೂರಿಸಿ ಒಂದೇ ಫೋಟೋದಲ್ಲಿ ತುರುಕಿದ್ದರು. ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಚಿಕಿತ್ಸೆ. ಅವನ ಡಿಸ್ಚಾರ್ಜ್ ಕಂಪ್ಯೂಟರಿನಲ್ಲಿ ಹತ್ತುವವರೆಗೆ ಇವಳು ಕಾರ್ಡಿನ ಪಾಲಿಗೆ ಆರೋಗ್ಯವಂತಳು. ಹಾಗಾದರೆ ಸರದಿ ಪ್ರಕಾರ ಕಾಯಿಲೆ ಬೀಳಬೇಕು ಅನ್ನಿ ಅಂತ ಮುದುಕಿ ಕಾರ್ಡು ಮಾಡಿಕೊಟ್ಟವನಿಗೇ ಹೇಳಿ ಬಂದಿದ್ದಳು.

ಡಿಸ್ಚಾರ್ಜಿನ ದಿನವೇ ಕಣ್ಣಿನ ಡಾಕ್ಟರುಗಳ ಕೊನೆಯ ದಿನವೂ ಆಗಿತ್ತು. ಅವರು ಹೊರಗಿನವರು. ವರ್ಷಕ್ಕೊಮ್ಮೆ ಬಂದು, ಹಜಾರದಲ್ಲಿ ಸಾಲಾಗಿ ಜನರನ್ನು ಕೂರಿಸಿ, ಪೊರೆ ತೆಗೆದು ಹೋಗುವವರು. ಮುದುಕಿಗೆ ಬೆಳಿಗ್ಗೆಯೇ ನಂಬರ್ ಕೊಟ್ಟು, ಯಾವ ಕಣ್ಣು ಅಂತ ತಪ್ಪಾಗದಿರಲಿ ಅಂತ ಎಡ ಹುಬ್ಬಿನ ಮೇಲೆ ಪಟ್ಟಿ ಅಂಟಿಸಿದ್ದರು. ಗಂಡನನ್ನು ಬಿಡಿಸಿಕೊಂಡು ಬನ್ನಿ, ಕಾರ್ಡು ತೋರಿಸಿ, ಒಳಗೆ ಬನ್ನಿ ಅಂದಿದ್ದರು. ಹಜಾರ ಬಿಲ್ ಕೌಂಟರಿನ ಎದುರಿಗೇ ಇತ್ತು. ಕಟ್ಟು ಕಟ್ಟಿಸಿಕೊಂಡು ಹೊರಬಂದವರು ಅಲ್ಲೇ ಬೆಂಚಿನ ಮೇಲೆ ಕೂತು ಹರಟುತ್ತಿದ್ದರು. ಒಬ್ಬಳು, ಮನೆಗೆ ಹೋದ ಮೇಲೆ ಮೊದಲು ಸೊಸೆ ಪಾತ್ರೆ ಹೇಗೆ ತೊಳೆಯುತ್ತಾಳೆ ಅಂತ ನೋಡಬೇಕು ಅನ್ನುತ್ತಿದ್ದಳು. ಮುದುಕಿಗೆ ಹೊಟ್ಟೆಯುರಿಯಿತು. ಅವಳಿಗೆ ನೋಡಬೇಕಾಗಿದ್ದು ಸೂಜಿಯ ಕಣ್ಣು. ದಾರ ಪೋಣಿಸಬೇಕು. ದರ್ಜಿಯ ಅಂಗಡಿಗೆ ಹೋಗಿ ಅವನ ಮುಂದೆಯೇ ಪೋಣಿಸಿ ತೋರಿಸಬೇಕು. ಬೇರೇನೂ ಬೇಡ.

ಕೌಂಟರಿಗೆ ಗಾಜು. ಗಾಜಿಗೆ ಒಂದು ತೂತು. ಆ ತೂತು ನಿಂತವರ ಸೊಂಟದ ಎತ್ತರಕ್ಕಿತ್ತು. ಮಾತಾಡಬೇಕಾದರೆ ಯಾರೇ ಆಗಲಿ ಬಗ್ಗಬೇಕು. ಹೊಟ್ಟೆಗೆ ಹೊಲಿಗೆ ಬಿದ್ದ ಮುದುಕನೂ ಬಗ್ಗಿದ. ಅವನು ಇನ್ನೂ ಆಸ್ಪತ್ರೆಯ ನಿಲುವಂಗಿಯಲ್ಲೇ ಇದ್ದ. ಬಿಲ್ ಕಟ್ಟದೆ ಓಡಿಹೋಗುತ್ತಾರೆ ಅಂತ ರೋಗಿಗಳ ಸ್ವಂತ ಬಟ್ಟೆಯನ್ನು ಚೀಲದಲ್ಲಿ ಹಾಕಿ ಕೌಂಟರಿನ ಒಳಗೆ ಇಟ್ಟುಕೊಳ್ಳುತ್ತಿದ್ದರು. ನಿಲುವಂಗಿ ಹಿಂದೆ ತೆರೆದದ್ದು. ಕಟ್ಟುವ ದಾರಗಳಲ್ಲಿ ಒಂದೂ ಉಳಿದಿರಲಿಲ್ಲ. ಅವನು ಬಗ್ಗಿದ ಕೂಡಲೇ ಮುದುಕಿ ಹಿಂದಿನಿಂದ ಎರಡು ಅಂಚನ್ನೂ ಸೇರಿಸಿ ಮುಷ್ಟಿಯಲ್ಲಿ ಹಿಡಿದಳು. ಜೀವಮಾನವೆಲ್ಲ ಊರವರ ಬಟ್ಟೆಗೆ ಗುಂಡಿ ಹಾಕಿದವಳ ಗಂಡ, ಊರವರ ಮುಂದೆ ಹೀಗೆ. ಹಿಡಿದ ಮುಷ್ಟಿಯನ್ನು ಅವಳು ಸಡಿಲ ಬಿಡಲಿಲ್ಲ.

ಕೌಂಟರಿನ ಹುಡುಗಿ ಕೆಟ್ಟವಳಲ್ಲ. ಅದೇ ಕಷ್ಟವಾದದ್ದು. ದನಿ ಸಕ್ಕರೆಯ ಹಾಗಿತ್ತು. ತಾತ, ನಿಮ್ಮದು ಪೂರ್ತಿ ಉಚಿತ ಅಂದಳು. ಆಪರೇಷನ್ ಉಚಿತ, ಔಷಧಿ ಉಚಿತ, ಹಾಸಿಗೆ ಉಚಿತ, ಡಾಕ್ಟರ್ ಉಚಿತ. ಮುದುಕ ಪ್ರತಿಯೊಂದಕ್ಕೂ ಹೂಂ ಹೂಂ ಅನ್ನುತ್ತಾ, ಕೊನೆಗೆ ಧನ್ಯವಾದ ಹೇಳಿ ಬಟ್ಟೆಯ ಚೀಲಕ್ಕೆ ಕೈ ಚಾಚಿದ. ಒಳಸಾಗಣೆ ಬಾಕಿ ಇದೆ ಅಂದಳು ಅವಳು.

ಒಳಸಾಗಣೆ ಅಂದರೆ ಏನು ಅಂತ ಮುದುಕಿ ಹಿಂದಿನಿಂದ ಕೇಳಿದಳು.

ಹುಡುಗಿ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಕಾರ್ಡು ಕಾಯಿಲೆಗೆ ಅನ್ವಯಿಸುತ್ತದೆ. ಕಾಯಿಲೆಯವರು ಆಸ್ಪತ್ರೆಯ ಒಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದಿದೆಯಲ್ಲ, ಅದು ಕಾಯಿಲೆ ಅಲ್ಲ, ಸೇವೆ. ಸೇವೆ ಕಂಪನಿಯದು. ಕಂಪನಿಗೆ ಕಾರ್ಡು ನಡೆಯುವುದಿಲ್ಲ.

“ಹಾಗಿದ್ರೆ ಆ ಥಿಯೇಟರನ್ನೇ ಇವರ ಹಾಸಿಗೆ ಹತ್ತಿರ ತಳ್ಕೊಂಡು ಬರಬೇಕಿತ್ತು,” ಅಂದಳು ಮುದುಕಿ.

ಸಾಲಿನಲ್ಲಿದ್ದವರು ನಕ್ಕರು. ಹುಡುಗಿಯೂ ನಕ್ಕಳು. ನಕ್ಕು, ಬಿಲ್ ಓದಿದಳು. ವಾರ್ಡಿನಿಂದ ಥಿಯೇಟರಿಗೆ ಗಾಡಿ. ಥಿಯೇಟರಿನಿಂದ ವಾರ್ಡಿಗೆ ಗಾಡಿ. ಇಳಿಜಾರಿನಲ್ಲಿ ನಿಲುಗಡೆ. ಹೆಚ್ಚುವರಿ ಪ್ರಯಾಣಿಕರು ಒಬ್ಬರು. ಅನುಮತಿಯಿಲ್ಲದೆ ಗಾಡಿ ಚಲಾಯಿಸಿದ್ದಕ್ಕೆ ದಂಡ.

ಮುದುಕ ದಂಡದ ಮಾತು ಕೇಳಿ ಬಗ್ಗಿದ್ದವನು ನೆಟ್ಟಗಾದ. ಮುಷ್ಟಿಯೂ ಅವನ ಜೊತೆ ಮೇಲೆ ಹೋಯಿತು. ಉಳಿದದ್ದಕ್ಕೆಲ್ಲ ಅವನಿಗೆ ಅಷ್ಟು ಬೇಜಾರಾಗಿರಲಿಲ್ಲ. ನಿನ್ನ ಅಪ್ಪ ಹುಟ್ಟುವ ಮುಂಚೆಯೇ ನಾನು ಇಲ್ಲಿ ಗಾಡಿ ಬಿಟ್ಟವನು, ಒಂದು ಗೋಡೆಗೆ ತಾಗಿಸಿಲ್ಲ, ಒಬ್ಬ ರೋಗಿಯನ್ನು ಬೀಳಿಸಿಲ್ಲ, ನನಗೆ ಅನುಮತಿಯಾ ಅಂತ ಶುರುಮಾಡಿದ. ಮುದುಕಿ ಅವನ ಬೆನ್ನಿಗೆ ಗುದ್ದಿದಳು. ಮಾನ ಹೋಗುತ್ತಿರುವುದು ಹಿಂದಿನಿಂದ, ಇವನು ಮುಂದಿನಿಂದ ಹುಡುಕುತ್ತಿದ್ದ.

ಹೋಗುವಾಗ ಕಂಪನಿಯವರು ತಳ್ಳಿಲ್ಲ, ಇವರೇ ತಳ್ಳಿದ್ದು ಅಂದಳು ಮುದುಕಿ. ಬರುವಾಗ ಅರ್ಧದಲ್ಲಿ ಬಿಟ್ಟು ಹೋದರು, ನಾನು ಎಳೆದದ್ದು. ಲೆಕ್ಕ ಸರಿಯಾಗಿ ಹಾಕಿದರೆ ಕೂಲಿ ನಮಗೇ ಬರಬೇಕು. ಹುಡುಗಿ ಪಾಪ, ನೀವು ಹೇಳುವುದು ಸರಿ ಅಜ್ಜಿ ಅಂದಳು. ಆದರೆ ಕಂಪ್ಯೂಟರಿನಲ್ಲಿ ತಳ್ಳಿದ್ದು ಯಾರು ಅಂತ ಇಲ್ಲ, ಗಾಡಿ ಚಲಿಸಿದೆ ಅಂತ ಮಾತ್ರ ಇದೆ. ಕಟ್ಟುವವರೆಗೆ ಡಿಸ್ಚಾರ್ಜ್ ಹತ್ತುವುದಿಲ್ಲ. ಕಟ್ಟುವುದಕ್ಕೆ ಇಬ್ಬರ ಹತ್ತಿರವೂ ದುಡ್ಡಿರಲಿಲ್ಲ.

ಹಿಂದಿನ ಹಜಾರದಲ್ಲಿ ಮುದುಕಿಯ ನಂಬರ್ ಕೂಗಿದರು. ಬಂದೆ ಅಂತ ಅವಳು ಕೂಗಿ ಹೇಳಿದಳು. ಕೈಯಲ್ಲಿ ಗಂಡನ ನಿಲುವಂಗಿ. ಬಂದೆ ಅಂದಳೇ ಹೊರತು ಬರುವ ಹಾಗಿರಲಿಲ್ಲ.

ಆಗ ಒಬ್ಬ ಬಂದ. ಮುದುಕಿಗೆ ಕಂಡದ್ದು ಒಂದು ಬಿಳಿ ಅಂಗಿ, ಅದರ ನಡುವೆ ಕತ್ತಿನಿಂದ ಕೆಳಗಿಳಿದ ಒಂದು ಕಪ್ಪು ಗೆರೆ. ಟೈ ಇರಬೇಕು. ಕಂಪನಿಯ ಸೂಪರ್‌ವೈಸರ್ ನಾನು ಅಂದ. ಸಾಲಿನಲ್ಲಿ ಗಲಾಟೆ ಕೇಳಿ ಬಂದಿದ್ದ. ವಯಸ್ಸು ಸಣ್ಣದು, ದನಿ ನಯ. ಮುದುಕನನ್ನು ನೋಡಿ, ಪೋಂಪೋಂ ತಾತ ನೀವೇನಾ, ನಿಮ್ಮ ವಿಷಯ ಎಲ್ಲರೂ ಹೇಳುತ್ತಾರೆ ಅಂತ ಕೈ ಹಿಡಿದುಕೊಂಡ. ಮುದುಕನ ಮುಖ ಮುದುಕಿಗೆ ಕಾಣಲಿಲ್ಲ. ಆದರೆ ಮುಷ್ಟಿಯಲ್ಲಿದ್ದ ಬಟ್ಟೆ ಬಿಗಿಯಾಯಿತು. ಎದೆ ಉಬ್ಬಿಸಿದ್ದಾನೆ ಅಂತ ಅದರಲ್ಲೇ ಗೊತ್ತಾಯಿತು.

ಆ ಕಪ್ಪು ಗೆರೆಯವನು ತನ್ನ ಕಷ್ಟ ತೋಡಿಕೊಂಡ. ಗಾಡಿಗಳಿವೆ, ಜನ ಇಲ್ಲ. ಬಂದವರು ಇಳಿಜಾರು ನೋಡಿ ವಾರಕ್ಕೇ ಓಡಿಹೋಗುತ್ತಾರೆ. ಒಂದು ಕೆಲಸ ಮಾಡೋಣ ಅಂದ. ಈ ಬಿಲ್ ನಾನು ಈಗಲೇ ಮನ್ನಾ ಮಾಡಿಸುತ್ತೇನೆ. ತಾತನ ಬಟ್ಟೆ ಕೈಗೆ ಬರುತ್ತದೆ, ಡಿಸ್ಚಾರ್ಜ್ ಹತ್ತುತ್ತದೆ, ಕಾರ್ಡು ಬಿಡುಗಡೆಯಾಗುತ್ತದೆ, ಅಜ್ಜಿ ಹೋಗಿ ಕಣ್ಣು ಮಾಡಿಸಿಕೊಳ್ಳಲಿ. ತಾತ ನಾಳೆಯಿಂದ ತಿಂಗಳ ಕೊನೆಯವರೆಗೆ ಬಂದು ಗಾಡಿ ತಳ್ಳಿದರೆ ಸಾಕು. ಬೇರೆ ಎಲ್ಲೂ ಬೇಡ. ಇಳಿಜಾರು ಒಂದೇ.

ಇಷ್ಟನ್ನು ಅವನು ಉಪಕಾರ ಮಾಡುವವನ ದನಿಯಲ್ಲೇ ಹೇಳಿದ. ನಿಜವಾಗಿಯೂ ಉಪಕಾರ ಅಂತಲೇ ಅಂದುಕೊಂಡಿದ್ದ. ಕೌಂಟರಿನ ಹುಡುಗಿಯೂ ಒಳ್ಳೆಯದಾಯಿತಲ್ಲ ತಾತ ಅಂದಳು. ಸಾಲಿನಲ್ಲಿದ್ದ ಯಾರೋ, ಒಪ್ಕೊಳ್ಳಿ ಒಪ್ಕೊಳ್ಳಿ ಅಂದರು. ಅವರಿಗೆ ತಮ್ಮ ಸರದಿಯ ಅವಸರ.

ಮುದುಕನ ಪಕ್ಕದಲ್ಲೇ ಒಂದು ಗಾಡಿ ನಿಂತಿತ್ತು. ಅವನ ಬಲಗೈ ಆಗಲೇ ಅದರ ಹಿಡಿಯ ಮೇಲೆ ಹೋಗಿ ಕೂತಿತ್ತು. ಕಬ್ಬಿಣದ ಮೇಲೆ ಬೆರಳು ಆಡುವ ಸದ್ದು ಮುದುಕಿಗೆ ಕೇಳಿಸಿತು. ಒಪ್ಪುತ್ತಾನೆ. ನನ್ನ ಕಣ್ಣಿಗೋಸ್ಕರ ಅಂದುಕೊಂಡು ಒಪ್ಪುತ್ತಾನೆ. ಹೊಗಳಿದ್ದಕ್ಕೆ ಉಬ್ಬಿ ಒಪ್ಪುತ್ತಾನೆ. ನಾಳೆ ಬೆಳಿಗ್ಗೆ ಆ ಏರಿನ ಅರ್ಧದಲ್ಲಿ ಒಂದೊಂದೇ ಹೊಲಿಗೆ ಬಿಡುತ್ತದೆ. ಹೊಲಿಗೆ ಹೇಗೆ ಬಿಡುತ್ತದೆ ಅಂತ ಅವಳಿಗೆ ಗೊತ್ತು. ಮೊದಲನೆಯದು ಬಿಡುವುದು ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಉಳಿದದ್ದನ್ನು ಯಾರೂ ತಡೆಯಲಾರರು.

ಹಜಾರದಲ್ಲಿ ಮತ್ತೆ ಅವಳ ನಂಬರ್ ಕೂಗಿದರು. ಆಮೇಲೆ ಇಲ್ಲ, ಇದೇ ಕೊನೆ ಅಂದರು. ಅವಳಿಗೆ ಕಣ್ಣು ಬೇಕಾಗಿತ್ತು. ಬೇಡ ಅನ್ನುವುದಕ್ಕೆ ಅವಳೇನೂ ಸನ್ಯಾಸಿನಿಯಲ್ಲ. ಸೂಜಿ ಬೇಕಾಗಿತ್ತು, ದಾರ ಬೇಕಾಗಿತ್ತು, ದರ್ಜಿಯ ಮುಖ ಇಂಗು ತಿಂದ ಮಂಗನ ಹಾಗಾಗುವುದನ್ನು ನೋಡಬೇಕಾಗಿತ್ತು.

“ಬೇಡ,” ಅಂದಳು.

ಕಿವಿಯೂ ಮಂದ ಇರಬೇಕು ಅಂದುಕೊಂಡು ಗೆರೆ ಅದನ್ನೇ ಮತ್ತೆ ಮೊದಲಿಂದ, ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಹೇಳತೊಡಗಿದ.

“ಕಿವಿ ಚೆನ್ನಾಗಿದೆ ಕಣಪ್ಪ. ಹೋಗಿರೋದು ಕಣ್ಣು. ಬೇಡ.”

“ಲೇ, ತಿಂಗಳ ಕೊನೆವರೆಗೆ ಅಷ್ಟೇ ಕಣೇ,” ಅಂದ ಮುದುಕ, ತಿರುಗದೆ. ತಿರುಗುವ ಹಾಗೂ ಇರಲಿಲ್ಲ. “ನಿಧಾನಕ್ಕೆ ತಳ್ತೀನಿ. ನೀನು ಹೋಗು, ನಿನ್ನ ಕರೀತಿದಾರೆ.”

“ನನ್ನ ಕಣ್ಣಿಗೆ ನಿಮ್ಮ ಕರುಳು ಅಡ ಇಡಬೇಕಾ? ದಿನಾ ಸಂಜೆ ಅದನ್ನ ಅಂಗೈಲಿ ಒಳಗೆ ತಳ್ಳಿದವಳು ನಾನು. ನನಗ್ಯಾರು ಕೊಟ್ರು ಒಳಸಾಗಣೆ ಕೂಲಿ?”

ಸಾಲಿನಲ್ಲಿ ಯಾರೂ ನಗಲಿಲ್ಲ. ಕೌಂಟರಿನ ಹುಡುಗಿ ತೂತಿನ ಹತ್ತಿರ ಬಗ್ಗಿ ಕೇಳಿಸಿಕೊಳ್ಳುತ್ತಿದ್ದಳು.

ಗೆರೆಗೆ ಇರುಸುಮುರುಸಾಯಿತು. ಅಜ್ಜಿ ಕೋಪ ಮಾಡಿಕೊಳ್ಳಬಾರದು ಅಂದ. ಭಾರದ ರೋಗಿಗಳನ್ನು ತಾತನಿಗೆ ಕೊಡುವುದಿಲ್ಲ, ಮಕ್ಕಳನ್ನು ಮಾತ್ರ ಕೊಡುತ್ತೇವೆ ಅಂದ. ಮುದುಕಿ ತಲೆಯಾಡಿಸಿದಳು. ತಿಂಗಳ ಕೊನೆ ಬೇಡ, ಒಂದು ವಾರ ಸಾಕು ಅಂದ. ಆಗಲೂ ತಲೆಯಾಡಿಸಿದಳು. ಹೋಗಲಿ, ತಳ್ಳುವುದೂ ಬೇಡ, ಮುಂದೆ ನಿಂತು ಹಾರ್ನ್ ಹೊಡೆದರೆ ಸಾಕು, ಹೊಸಬರು ಕೈ ಕೊಟ್ಟಾಗ ಮಾತ್ರ ಒಂಚೂರು ಹೆಗಲು ಕೊಡಲಿ ಅಂದ. ಆ ಒಂಚೂರು ಹೆಗಲಿನ ಅಳತೆ ಮುದುಕಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಎಡಗೈ ಚಾಚಿ, ತಡವಿ, ಗಾಡಿಯ ಹಿಡಿಯ ಮೇಲಿದ್ದ ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವನು ಬಿಡಿಸಗೊಟ್ಟ.

“ಯೋಚನೆ ಮಾಡಿ ಅಜ್ಜಿ,” ಅಂದ ಸೂಪರ್‌ವೈಸರ್. “ಕಣ್ಣಿನ ಡಾಕ್ಟರ್ ಇನ್ನು ಬರೋದು ಮುಂದಿನ ವರ್ಷ. ಅಷ್ಟೊತ್ತಿಗೆ ನಿಮಗೆ ಪೂರ್ತಿ ಕತ್ತಲಾಗಿರುತ್ತೆ.”

“ಮಾಡಿದೆ,” ಅಂದಳು ಮುದುಕಿ. “ಇವರು ತಳ್ಳಲ್ಲ.”